ಮಾದರಿ ಕಣ್ಣು

ಕಣ್ಣಾಸ್ಪತ್ರೆಯ ದೊಡ್ಡ ಡಾಕ್ಟರಿಗೆ ಲೋಕದಲ್ಲಿ ಒಗ್ಗದ ವಸ್ತು ಒಂದೇ ಒಂದಿತ್ತು. ಅದು ಹಳದಿ ಬಣ್ಣದ ಒಂದು ಔಷಧಿ. ಕಣ್ಣಿನ ಹಿಂಪರದೆಯ ರಕ್ತನಾಳಗಳನ್ನು ನೋಡಬೇಕಾದರೆ ಹಿಂದೆಲ್ಲ ಆ ಬಣ್ಣವನ್ನು ತೋಳಿಗೆ ಚುಚ್ಚಿ, ಅದು ಮೈಯೆಲ್ಲ ಸುತ್ತಿ ಕಣ್ಣಿಗೆ ಬರುವ ಗಳಿಗೆಯನ್ನು ಕಾದು ಪಟಪಟನೆ ಚಿತ್ರ ತೆಗೆಯುತ್ತಿದ್ದರು. ಚುಚ್ಚಿಸಿಕೊಂಡವರು ಒಂದಿಡೀ ದಿನ ಹಳದಿಯಾಗಿ ಓಡಾಡುತ್ತಿದ್ದರು. ಕೆಲವರಿಗೆ ವಾಕರಿಕೆ, ಕೆಲವರಿಗೆ ತುರಿಕೆ. ವರ್ಷಕ್ಕೊಮ್ಮೆ ಆಸ್ಪತ್ರೆಯವರೇ ಒಬ್ಬರ ಕಣ್ಣನ್ನೊಬ್ಬರು ನೋಡಿಕೊಳ್ಳುವ ದಿನ ಬಂದಾಗ ದೊಡ್ಡ ಡಾಕ್ಟರು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ತಮಗೆ ಅದು ಆಗಿಬರುವುದಿಲ್ಲ ಎಂದು ಎದ್ದುಬಿಡುತ್ತಿದ್ದರು. ಒಮ್ಮೆಯೂ ಚುಚ್ಚಿಸಿಕೊಳ್ಳದವರಿಗೆ ಅದು ಆಗಿಬರುವುದಿಲ್ಲವೆಂದು ಗೊತ್ತಾದದ್ದು ಹೇಗೆ ಎಂದು ಯಾರೂ ಕೇಳಿರಲಿಲ್ಲ. ದೊಡ್ಡವರ ಮೈ, ಅದಕ್ಕೆ ಮೊದಲೇ ತಿಳಿಯುತ್ತದೆ ಎಂದುಕೊಂಡಿದ್ದರು.

ಆಗಿಬಾರದ್ದು ಬಣ್ಣವಲ್ಲ, ಅದು ತೋರಿಸಿಕೊಡುವ ಚಿತ್ರ. ದೊಡ್ಡ ಡಾಕ್ಟರಿಗೆ ಸಕ್ಕರೆ ಕಾಯಿಲೆಯಿತ್ತು. ಸಕ್ಕರೆ ಬಿಡದಿದ್ದರೆ ಕಣ್ಣು ಬಿಡಬೇಕಾಗುತ್ತದೆ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ಒಣಗಿದಾಗ ಅವರು ಕುಡಿಯುತ್ತಿದ್ದದ್ದು ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿದ ಚಹಾ. ಮಾತ್ರೆಗಳು ವಿಟಮಿನ್ ಡಬ್ಬಿಯಲ್ಲಿ ಅಡಗಿದ್ದವು, ನೆನಪಾದಾಗ ನುಂಗುತ್ತಿದ್ದರು. ಬಲಗಣ್ಣಿನ ನಟ್ಟನಡುವೆ ಬೂದು ಕಲೆಯೊಂದು ಬಂದು ಕೂತಿತ್ತು. ಆ ಕಣ್ಣೊಂದರಲ್ಲೇ ನೋಡಿದರೆ ಎದುರು ನಿಂತವರ ಕಿವಿ ಕಾಣುತ್ತಿತ್ತು, ಹೆಗಲು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಎಡಗಣ್ಣು ನಂಬಿಕಸ್ಥ ಆಳಿನ ಹಾಗೆ ಇಬ್ಬರ ಕೆಲಸವನ್ನು ಒಬ್ಬನೇ ಮಾಡಿಕೊಂಡಿದ್ದರಿಂದ ಗುಟ್ಟು ಹೊರಗೆ ಬಿದ್ದಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವರು ಒಂದೇ ಕಣ್ಣು ಮುಚ್ಚಿದ್ದರು, ಅಷ್ಟೇ ವ್ಯತ್ಯಾಸ.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಕಲೆ ಕಾಣಿಸಿಕೊಂಡ ಮೇಲೆ ಅವರು ಆಪರೇಷನ್ನಿಗೆ ಕತ್ತರಿ ಹಿಡಿಯುವುದನ್ನು ನಿಲ್ಲಿಸಿದರು. ಆದರೆ ಕಾರಣವನ್ನು ಬೇರೆ ಕೊಟ್ಟರು: ಮರ ದೊಡ್ಡದಾದ ಮೇಲೆ ಹಣ್ಣನ್ನು ಕೊಂಬೆಗಳಿಗೆ ಬಿಡಬೇಕು, ಕಿರಿಯರು ಕೈಪಳಗಿಸಿಕೊಳ್ಳಲಿ. ಇಂಥ ತ್ಯಾಗ ಎಲ್ಲಿಯೂ ಕಂಡಿಲ್ಲ ಎಂದು ಆಡಳಿತ ಮಂಡಳಿಯವರು ಅವರಿಗೊಂದು ಗಾಜಿನ ಫಲಕ ಕೊಟ್ಟರು. ಫಲಕದ ಮೇಲೆ ಏನು ಬರೆದಿತ್ತೆಂದು ಅವರು ಎಡಗಣ್ಣಿನಲ್ಲಿ ಓದಿಕೊಂಡರು.

ಹೀಗಿರುವಾಗ ರಸ್ತೆಯ ಎದುರು ಬದಿಯ ಕಣ್ಣಾಸ್ಪತ್ರೆಗೆ ಹೊಸ ಯಂತ್ರ ಬಂತು. ಎದುರಿನವರಿಗೆ ಬಂದ ಮೇಲೆ ನಮಗೂ ಬರಲೇಬೇಕಲ್ಲ. ಆಡಳಿತ ಮಂಡಳಿ ಅದೇ ಜಾತಿಯ, ಅದಕ್ಕಿಂತ ಒಂದು ಗೇಣು ಎತ್ತರದ ಯಂತ್ರ ತರಿಸಿತು. ಅದರ ಜೊತೆಗೆ ಬಂದವನು ಎಂಥ ಸೆಕೆಯಲ್ಲೂ ಕೊರಳಪಟ್ಟಿ ಸಡಿಲಿಸುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಟೈ ಎಂದೇ ಕರೆದರು. ಟೈ ವಿವರಿಸಿದ. ಸೂಜಿಯಿಲ್ಲ, ಬಣ್ಣವಿಲ್ಲ. ಗಲ್ಲವನ್ನು ಕಟ್ಟೆಯ ಮೇಲಿಟ್ಟು ಒಳಗಿನ ಹಸಿರು ಗುರುತನ್ನು ನೋಡುತ್ತ ಉಸಿರು ಹಿಡಿದರೆ ಸಾಕು, ಉಸಿರು ಬಿಡುವಷ್ಟರಲ್ಲಿ ಕೂದಲಿಗಿಂತ ಸಣ್ಣ ನಾಳವೂ ಪರದೆಯ ಮೇಲೆ ಬಂದಿರುತ್ತದೆ. ಬೆಳಕು ಒಂದೇ ಜಾಗವನ್ನು ಮತ್ತೆ ಮತ್ತೆ ಸವರುತ್ತದೆ. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಬದಲಾಗದೆ ಇದ್ದದ್ದನ್ನು ಬಿಟ್ಟುಬಿಡುತ್ತದೆ, ಬದಲಾದದ್ದನ್ನು ಬರೆದುಕೊಳ್ಳುತ್ತದೆ. ಕಣ್ಣಿನೊಳಗೆ ಬದಲಾಗುವುದು ಹರಿಯುವ ರಕ್ತ ಒಂದೇ.

"ಹರಿಯೋದು ಮಾತ್ರ ಇದಕ್ಕೆ ಕಾಣುತ್ತೆ. ನಿಂತದ್ದು ಕಪ್ಪು," ಎಂದ ಟೈ.

ಎಲ್ಲರೂ ತಲೆದೂಗಿದರು. ಆಸ್ಪತ್ರೆಯ ಮ್ಯಾನೇಜರ್ ಉಳಿದವರಿಗಿಂತ ಅರ್ಧ ಗಳಿಗೆ ಮೊದಲೇ ತಲೆದೂಗಿದ್ದ. ಇನ್ನೊಬ್ಬರ ವಾಕ್ಯ ಮುಗಿಯುವ ಮುಂಚೆಯೇ ಅದನ್ನು ಒಪ್ಪಿಕೊಂಡುಬಿಡುವುದು ಅವನ ಅಭ್ಯಾಸ. ಅವನೇ ಮುಂದೆ ಬಂದು, ಇಂಥ ಯಂತ್ರಕ್ಕೆ ಮೊದಲ ಕಣ್ಣು ದೊಡ್ಡ ಡಾಕ್ಟರದ್ದೇ ಆಗಬೇಕು ಎಂದು ಕುರ್ಚಿ ಎಳೆದ.

ದೊಡ್ಡ ಡಾಕ್ಟರ ಕೈ ತಾನಾಗಿಯೇ ಅಂಗಿಯ ತೋಳಿಗೆ ಹೋಯಿತು. ತಮಗೆ ಅದು ಆಗಿಬರುವುದಿಲ್ಲ ಎಂದು ಶುರುಮಾಡಿದರು. ಬಣ್ಣವೇ ಇಲ್ಲವಲ್ಲ ಸಾರ್ ಎಂದು ಟೈ ನೆನಪಿಸಿದ. ಅವರು ಸುತ್ತ ನೋಡಿದರು. ಉಳಿದದ್ದು ಬೆಳಕೊಂದೇ. ಬೆಳಕು ಆಗಿಬರುವುದಿಲ್ಲ ಎಂದು ಈವರೆಗೆ ಯಾವ ಕಣ್ಣಿನ ಡಾಕ್ಟರೂ ಹೇಳಿರಲಿಲ್ಲ. ಮೊದಲಿಗರಾಗುವ ಧೈರ್ಯ ಅವರಿಗಿರಲಿಲ್ಲ. ಕೂತರು.

ಯಂತ್ರ ಬಲಗಣ್ಣಿನಿಂದಲೇ ಆರಂಭಿಸಿತು.

ಗೋಡೆಯ ಮೇಲಿನ ಪರದೆಯಲ್ಲಿ ಚಿತ್ರ ಮೂಡಿತು. ಹೆಣೆದ ಜಾಲರಿಯಂಥ ಬಿಳಿ ನಾಳಗಳು, ನಡುವೆ ಕಪ್ಪು. ನಡುವೆ ಒಂದಿಷ್ಟು ಕಪ್ಪು ಎಲ್ಲರ ಕಣ್ಣಿನಲ್ಲೂ ಇರುತ್ತದೆ. ಅತಿ ಸೂಕ್ಷ್ಮ ನೋಟದ ಜಾಗಕ್ಕೆ ನಾಳಗಳು ಅಡ್ಡ ಬರಬಾರದೆಂದು ಸೃಷ್ಟಿಕರ್ತ ಬಿಟ್ಟ ಪುಟ್ಟ ಅಂಗಳ ಅದು. ಇಲ್ಲಿ ಮಾತ್ರ ಅಂಗಳ ಗೋಡೆಯನ್ನು ನುಂಗಿ, ಪಕ್ಕದ ಕೋಣೆಗಳನ್ನೂ ನುಂಗಿಕೊಂಡಿತ್ತು. ಇಲಿ ಕಡಿದ ಬಲೆಯ ಹಾಗೆ ಅಂಚೆಲ್ಲ ಚಿಂದಿ.

ಕಿರಿಯ ಡಾಕ್ಟರಮ್ಮ, ಬಾಯಿಗೆ ಬಂದದ್ದನ್ನು ನುಂಗುವ ಕಲೆ ಇನ್ನೂ ಕಲಿಯದಿದ್ದವಳು, ನಡುವಿನ ಖಾಲಿ ಜಾಗ ಸ್ವಲ್ಪ ಎಂದು ರಾಗ ಎಳೆದಳು.

"ದೊಡ್ಡದು," ಎಂದು ಮ್ಯಾನೇಜರ್ ಹೆಮ್ಮೆಯಿಂದ ವಾಕ್ಯ ಮುಗಿಸಿದ. "ದೊಡ್ಡವರದ್ದು ಎಲ್ಲವೂ ದೊಡ್ಡದೇ ಅಲ್ವಾ?"

ಯಾರೋ ಚಪ್ಪಾಳೆ ತಟ್ಟಿದರು. ಯಂತ್ರವನ್ನು ಆಸ್ಪತ್ರೆ ಒಪ್ಪಿಕೊಂಡದ್ದಕ್ಕೆ ಸಹಿ ಇನ್ನೂ ಸಿಗದಿದ್ದ ಟೈ, ಇಷ್ಟು ಸ್ಪಷ್ಟವಾದ ನಡುಭಾಗವನ್ನು ತಾನು ಎಲ್ಲೂ ನೋಡಿಲ್ಲ ಎಂದ. ಅದು ಸುಳ್ಳಲ್ಲ, ಸುಳ್ಳು ಹೇಳದೆಯೇ ಬದುಕುವ ಕಲೆಯಲ್ಲಿ ಅವನು ಪಳಗಿದ್ದ. ದೊಡ್ಡ ಡಾಕ್ಟರು ಗಲ್ಲವನ್ನು ಕಟ್ಟೆಯ ಮೇಲಿಂದ ಎತ್ತಿದರು. ಬಾಯಿ ತೆರೆದರು. ಚಪ್ಪಾಳೆ ಜೋರಾಯಿತು. ಬಾಯಿ ಮುಚ್ಚಿದರು. ಎಡಗಣ್ಣಿನ ಚಿತ್ರ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಅಲ್ಲಿಗೇ ನಿಂತಿದ್ದರೆ ನಗೆಯ ಮಾತಾಗುತ್ತಿತ್ತು. ಆದರೆ ಮ್ಯಾನೇಜರ್ ಆ ಚಿತ್ರವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ, ಹಿಂದಿನಿಂದ ದೀಪ ಕೊಟ್ಟು, ಎಲ್ಲರೂ ಕಾಯುವ ಹಜಾರದಲ್ಲಿ ತೂಗುಹಾಕಿಸಿದ. ಕೆಳಗೆ, 'ಆರೋಗ್ಯವಂತ ಕಣ್ಣು ಹೀಗಿರುತ್ತದೆ' ಎಂದು ಬರೆಸಿದ. ಅದೂ ಸಾಲದೆ, ಯಂತ್ರದೊಳಗೆ ಅಳತೆಗೆಂದು ಕೂಡಿಸಿಟ್ಟಿದ್ದ ಸಾವಿರಾರು ಒಳ್ಳೆಯ ಕಣ್ಣುಗಳ ಮೇಲೆ ಅವನ ದೃಷ್ಟಿ ಬಿತ್ತು. ಬಂದವರ ಕಣ್ಣನ್ನು ಯಂತ್ರ ಅವುಗಳ ಜೊತೆ ಹೋಲಿಸಿ ಹಸಿರು ಪಟ್ಟಿಯನ್ನೋ ಕೆಂಪು ಪಟ್ಟಿಯನ್ನೋ ತೋರಿಸುತ್ತಿತ್ತು. ಮೊದಲ ದಿನ ಟೈ ಆ ಹೋಲಿಕೆಯನ್ನು ಇನ್ನೂ ಚಾಲೂ ಮಾಡಿರಲಿಲ್ಲ. ಯಾವುದೋ ಊರಿನ ಯಾರದೋ ಕಣ್ಣು ನಮಗೇಕೆ ಅಳತೆ ಎಂದು ಮ್ಯಾನೇಜರ್ ಕೇಳಿದ. ಬೇಕಾದರೆ ಆಸ್ಪತ್ರೆ ತನ್ನದೇ ಮಾದರಿಯನ್ನು ಇಟ್ಟುಕೊಳ್ಳಬಹುದು ಎಂದು ಟೈ ಗುಂಡಿ ತೋರಿಸಿದ. ಸಂಜೆಯೊಳಗೆ ಸಾವಿರಾರು ಕಣ್ಣು ಹೋಗಿ ಒಂದು ಕಣ್ಣು ಬಂತು.

ಮರುದಿನದಿಂದ ಆಸ್ಪತ್ರೆಯಲ್ಲಿ ರೋಗ ಹಬ್ಬಿತು. ಕನ್ನಡಕದ ನಂಬರು ನೋಡಿಸಲು ಬಂದ ಹುಡುಗಿಗೆ ಕೆಂಪು. ಗೇಟಿನ ಕಾವಲುಗಾರನಿಗೆ ಕೆಂಪು. ಗಿಡುಗನ ಕಣ್ಣಿನ ಅಂಚೆಯವನು ಕಾಗದ ಕೊಡಲು ಬಂದವನು ಸುಮ್ಮನೆ ಗಲ್ಲವಿಟ್ಟು ನೋಡಿ ಕೆಂಪಾಗಿ ಹೋದ. ನಡುವಿನ ಅಂಗಳ ಇನ್ನೂ ಬೆಳೆದಿಲ್ಲ, ಬೆಳೆಯಬೇಕು ಎಂದು ಅವರಿಗೆಲ್ಲ ತಿಳಿಸಿ ವಿಟಮಿನ್ನು ಕೊಟ್ಟು ಕಳಿಸಿದರು. ಮ್ಯಾನೇಜರನಿಗೂ ಕೆಂಪು ಬಂತು. ಅವನು ಅದನ್ನು ವಿನಯದಿಂದ ಸ್ವೀಕರಿಸಿದ. ಅವರ ಮುಂದೆ ನಾವೆಷ್ಟರವರು ಎಂದು ಎರಡು ಹೊತ್ತೂ ವಿಟಮಿನ್ ನುಂಗಿದ. ಇನ್ನು ನಿಜವಾಗಿ ಕಣ್ಣು ಕೆಟ್ಟು ಬಂದವರಿಗೆ ಹಸಿರು ಬಂತು. ಅವರನ್ನು ಅಭಿನಂದಿಸಿ ಮನೆಗೆ ಕಳಿಸಿದರು.

ಕಿರಿಯ ಡಾಕ್ಟರಮ್ಮ ಸಭೆಯಲ್ಲಿ ಎದ್ದು, ಮಾದರಿಯ ಕಣ್ಣನ್ನೇ ಒಮ್ಮೆ ಯಾರಾದರೂ ನೋಡಬಾರದೇ ಎಂದಳು. ಮರುವಾರ ಅವಳನ್ನು ನೆಲಮಾಳಿಗೆಯ ಕನ್ನಡಕ ವಿಭಾಗಕ್ಕೆ ಹಾಕಿದರು. ವರ್ಗದ ಕಾಗದಕ್ಕೆ ಸಹಿ ಮಾಡಿದವರು ದೊಡ್ಡ ಡಾಕ್ಟರೇ. ನಾಳೆ ಸರಿಪಡಿಸೋಣ ಎಂದುಕೊಂಡೇ ಮಾಡಿದರು. ಅವರ ಆ ತಿಂಗಳುಗಳೆಲ್ಲ ಬರೀ ನಾಳೆಗಳಿಂದಲೇ ಕೂಡಿದ್ದವು.

ಅವರ ಮನೆಯಲ್ಲಿ ಅವರು, ಹೆಂಡತಿ, ಅವರಿಗಿಂತ ಬಹಳ ದೊಡ್ಡವರಾದ ಅಕ್ಕ. ತಾಯಿ ಬೇಗ ಹೋದ್ದರಿಂದ ಸಾಕಿದವರು ಅಕ್ಕನೇ. ಚಿಕ್ಕಂದಿನಲ್ಲಿ ಅವರು ಒಂದು ಕಡೆ ನಿಂತ ಹುಡುಗನಲ್ಲ. ಅಕ್ಕ ಅವರನ್ನು ಬೋರಲು ಹಾಕಿದ ಬಕೆಟಿನ ಮೇಲೆ ಕೂರಿಸಿ, ಪದ್ಯ ಮುಗಿಯುವವರೆಗೆ ಕದಲಬಾರದು ಎಂದು ಕಟ್ಟುಮಾಡಿ, ಪದ್ಯ ಹೇಳುತ್ತ ತಲೆ ಬಾಚುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು, ಮುಳ್ಳು ತೆಗೆಯುತ್ತಿದ್ದರು. ಹುಡುಗ ತುಂಟನಾದ ದಿನ ಪದ್ಯಕ್ಕೆ ಇನ್ನೊಂದು ಪದ್ಯ ಸೇರುತ್ತಿತ್ತು. ಈಗಲೂ ಬೆಳಗಾದರೆ ಅಕ್ಕನ ಓದು ಇರಲೇಬೇಕು. ದಪ್ಪ ಪುಸ್ತಕ, ದಪ್ಪ ಅಕ್ಷರ. ಅಡುಗೆಮನೆಯಲ್ಲಿ ಹೆಂಡತಿ ಕೇಳುತ್ತಿದ್ದಳು, ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ ಇವರು ಕೇಳುತ್ತಿದ್ದರು.

ಕೆಲವು ವಾರಗಳಿಂದ ಕಥೆ ಮುಂದೆ ಹೋಗುತ್ತಿರಲಿಲ್ಲ. ರಥ ಹೂಡಿದ್ದೇ ಹೂಡಿದ್ದು, ಯುದ್ಧಕ್ಕೆ ಹೊರಡುತ್ತಿರಲಿಲ್ಲ. ಅಕ್ಕ ಬಾಯಿಪಾಠ ಬರುವ ಪದ್ಯಗಳನ್ನೇ ಸುತ್ತಿ ಸುತ್ತಿ ಹೇಳುತ್ತಿದ್ದರು. ದೊಡ್ಡ ಡಾಕ್ಟರ ಕಿವಿ ಅದನ್ನು ಗುರುತಿಸಿತು. ಏಕೆ ಎಂದು ಬಾಯಿ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇನ್ನೊಬ್ಬರ ಹೆಗಲ ಬೂದಿಯ ಸುದ್ದಿಗೆ ಹೋಗುವುದಿಲ್ಲ.

ಕೇಳಿದವಳು ಹೆಂಡತಿ. ಕೇಳಿ, ಗಂಡನಿಗೆ ಹೇಳಿದರೆ ನಾಳೆ ಎನ್ನುತ್ತಾರೆಂದು ಗೊತ್ತಿದ್ದರಿಂದ, ಅತ್ತಿಗೆಯನ್ನು ಒಂದು ಬೆಳಗ್ಗೆ ತಾನೇ ಆಸ್ಪತ್ರೆಗೆ ಕರೆತಂದಳು.

ಸುದ್ದಿಯನ್ನು ದೊಡ್ಡ ಡಾಕ್ಟರ ಕೋಣೆಗೆ ಮ್ಯಾನೇಜರೇ ತಂದ. ಅವನ ಮುಖ ಅರಳಿತ್ತು.

"ಸಾರ್, ನಿಮ್ಮ ಅಕ್ಕನೋರ ಕಣ್ಣು ಥೇಟ್ ನಿಮ್ಮ ಕಣ್ಣು. ಎರಡೂ ಹಸಿರು. ನಮ್ಮ ಮಾದರಿಗೆ ಇಷ್ಟು ಹತ್ತಿರ ಇನ್ಯಾರೂ ಬಂದಿಲ್ಲ. ರಕ್ತಸಂಬಂಧ ಅಂದ್ರೆ ಇದೇ ನೋಡಿ."

ಅವರದ್ದನ್ನೂ ಹಜಾರದಲ್ಲಿ ಪಕ್ಕದಲ್ಲೇ ಹಾಕಿಸೋಣವೇ ಎಂದು ಅವನು ಕೇಳುವಷ್ಟರಲ್ಲಿ ದೊಡ್ಡ ಡಾಕ್ಟರು ಬಾಗಿಲು ದಾಟಿದ್ದರು.

ಅಕ್ಕ ಹಜಾರದ ಬೆಂಚಿನ ಮೇಲೆ, ಬೆಳಗುವ ಚಿತ್ರದ ಕೆಳಗೇ ಕೂತಿದ್ದರು. ತಮ್ಮನ ಚಪ್ಪಲಿಯ ಸದ್ದಿಗೆ ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿ, ಓರೆನೋಟದಲ್ಲಿ ಅವರನ್ನು ಹಿಡಿದರು. ಆ ತಿರುಗಿಸುವಿಕೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಡಗಣ್ಣಿಗೆ ಧೂಳು ಬಿದ್ದ ದಿನ ಅವರೂ ಹಾಗೆಯೇ ಮಾಡಬೇಕಾಗುತ್ತಿತ್ತು.

"ಎಲ್ಲ ಸರಿ ಇದೆಯಂತೆ ಕಣೋ," ಎಂದರು ಅಕ್ಕ. "ಹಾಗಾದ್ರೆ ಆ ಪುಸ್ತಕದ್ದೇ ತಪ್ಪು."

"ಪುಸ್ತಕದಲ್ಲಿ ಏನಾಗುತ್ತೆ?"

"ನೋಡಿದ ಅಕ್ಷರ ಇರಲ್ಲ. ಪಕ್ಕದ್ದು ಇರುತ್ತೆ. ಪಕ್ಕದ್ದನ್ನ ನೋಡೋಣ ಅಂದ್ರೆ ಅದು ಹೋಗಿ ಮೊದಲಿಂದು ಬಂದು ನಿಲ್ಲುತ್ತೆ. ನನ್ನ ಜೊತೆ ಕಣ್ಣಾಮುಚ್ಚಾಲೆ ಆಡ್ತಾವೆ, ಈ ವಯಸ್ಸಲ್ಲಿ."

ತಮ್ಮ ಬಲಗಣ್ಣಿನ ಬಗ್ಗೆ ಇಷ್ಟು ನೇರವಾದ ಮಾತು ದೊಡ್ಡ ಡಾಕ್ಟರಿಗೆ ಯಾವ ಗ್ರಂಥದಲ್ಲೂ ಸಿಕ್ಕಿರಲಿಲ್ಲ. ಅವರು ಅಕ್ಕನ ಕೈಹಿಡಿದು ಕತ್ತಲೆ ಕೋಣೆಗೆ ಕರೆದೊಯ್ದು, ಯಂತ್ರವನ್ನು ಮುಟ್ಟದೆ, ಹಳೆಯ ದೀಪ ಮತ್ತು ಮಸೂರ ಹಿಡಿದು ಎಡಗಣ್ಣಿನಿಂದ ಒಳಗೆ ನೋಡಿದರು. ನಡುವೆ ಊತ. ಅಂಚಿನಲ್ಲಿ ಹೊಸದಾಗಿ ಚಿಗುರಿದ, ಮುಟ್ಟಿದರೆ ಒಡೆಯುವಂಥ ನಾಳಗಳು. ಹೋದ ನೋಟ ತಿರುಗಿ ಬರುವುದಿಲ್ಲ. ಈ ವಾರವೇ ಲೇಸರ್ ಕೊಟ್ಟು, ಚುಚ್ಚುಮದ್ದು ಶುರುಮಾಡಿದರೆ ಉಳಿದದ್ದು ಉಳಿಯುತ್ತದೆ. ಬಿಟ್ಟರೆ ಆ ನಾಳಗಳು ಯಾವತ್ತಾದರೊಂದು ಬೆಳಗ್ಗೆ ಒಡೆದು, ಅಕ್ಕನ ಲೋಕಕ್ಕೆ ಕೆಂಪು ಪರದೆ ಇಳಿಯುತ್ತದೆ.

ಅವರು ಹೊರಗೆ ಬಂದು, ಲೇಸರ್ ಕೋಣೆ ಸಿದ್ಧಮಾಡಿ ಎಂದರು. ಆಗುವುದಿಲ್ಲ ಎಂದು ತಿಳಿಸಲು ಮ್ಯಾನೇಜರನಿಗೆ ನಿಜಕ್ಕೂ ನೋವಾಯಿತು. ಹಸಿರು ಬಂದವರಿಗೆ ಆ ಕೋಣೆಯ ಬಾಗಿಲು ತೆರೆಯುವುದಿಲ್ಲ. ಬೇಡದ ಕಣ್ಣಿಗೆ ಲೇಸರ್ ಬೀಳಬಾರದೆಂದು ಯಂತ್ರಕ್ಕೂ ಬಾಗಿಲಿಗೂ ತಂತಿ ಎಳೆಸಿ ಆ ಏರ್ಪಾಟು ಮಾಡಿಸಿದವರು ದೊಡ್ಡ ಡಾಕ್ಟರೇ ಅಲ್ಲವೇ. ಅಕ್ಕನೋರನ್ನು ಕೆಂಪು ಮಾಡಬೇಕೆಂದರೆ ಮಾದರಿ ಬದಲಾಗಬೇಕು. ಮಾದರಿ ಏಕೆ ಬದಲಾಗಬೇಕು ಸಾರ್, ಅದರಲ್ಲಿ ಏನು ದೋಷ?

ದೋಷವನ್ನು ಹೇಳದೆ ದಾಟುವ ದಾರಿಯೊಂದು ಇತ್ತು. ಅದು ಬಾಗಿಲಿನಿಂದಲೇ ಕಾಣುತ್ತಿತ್ತು: ರಸ್ತೆ ದಾಟಿದರೆ ಎದುರಿನ ಆಸ್ಪತ್ರೆ. ಅಲ್ಲಿನ ಯಂತ್ರದೊಳಗೆ ಸಾವಿರಾರು ಕಣ್ಣುಗಳು ಇನ್ನೂ ಹಾಗೇ ಇದ್ದವು. ಅಕ್ಕನನ್ನು ಹೆಂಡತಿಯ ಜೊತೆ ಹಿಂಬಾಗಿಲಿನಿಂದ ಕಳಿಸಿದರೆ ಕಣ್ಣೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ದೊಡ್ಡ ಡಾಕ್ಟರು ಹೆಂಡತಿಯತ್ತ ಬಗ್ಗಿ ಪಿಸುಮಾತಿಗೆ ಬಾಯಿ ತೆರೆದರು.

ಅಷ್ಟರಲ್ಲಿ ಅಕ್ಕನ ಪಕ್ಕ ಕೂತಿದ್ದ ಖಾಕಿ ಅಂಗಿಯವನು ಎದ್ದುನಿಂತು ಅವರಿಗೆ ಕೈಮುಗಿದ. ಅವನೂ ಹಸಿರು. ಅಭಿನಂದನೆಯ ಚೀಟಿ ಜೇಬಿನಲ್ಲಿತ್ತು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಸಾರ್," ಎಂದ. "ಎದುರು ಬರೋ ಗಾಡಿ ಪಕ್ಕದಲ್ಲಿದ್ದಾಗ ಕಾಣುತ್ತೆ, ನೇರಕ್ಕೆ ಬಂದ್ರೆ ಮಾಯ ಆಗುತ್ತೆ. ರಜ ಹಾಕಬೇಕೇನೋ ಅಂತ ಹೆದರಿದ್ದೆ. ಈಗ ಧೈರ್ಯವಾಗಿ ಬಸ್ ಹತ್ತುತ್ತೀನಿ."

"ಎಲ್ಲಿ ಕೂರ್ತೀರಪ್ಪ ಬಸ್ಸಲ್ಲಿ?" ಎಂದು ಅಕ್ಕ ಕೇಳಿದರು.

"ಮುಂದೆ ಅಮ್ಮ. ನಾನೇ ಡ್ರೈವರು."

ದೊಡ್ಡ ಡಾಕ್ಟರು ಪಿಸುಗುಟ್ಟದೆ ನೆಟ್ಟಗಾದರು. ಎದುರಿನ ಆಸ್ಪತ್ರೆಗೆ ಅಕ್ಕನೊಬ್ಬರನ್ನು ದಾಟಿಸಬಹುದು. ಹಸಿರಾಗಿ ಹೋದವರನ್ನೆಲ್ಲ, ಅವರ ಹಿಂದೆ ಬಸ್ಸಿನಲ್ಲಿ ಕೂತವರನ್ನೆಲ್ಲ ಯಾವ ಹಿಂಬಾಗಿಲಿನಿಂದ ದಾಟಿಸುವುದು? ಅವರು ಹಜಾರದ ನಡುವೆ ಹೋಗಿ ಚಿತ್ರದ ಕಡೆ ಕೈತೋರಿಸಿದರು.

"ಈ ಕಣ್ಣು ಕೆಟ್ಟಿದೆ. ನನಗೆ ಸಕ್ಕರೆ ಕಾಯಿಲೆ ಇದೆ. ಈ ಕಣ್ಣಲ್ಲಿ ನನಗೆ ಮುಖಗಳೇ ಕಾಣಲ್ಲ."

ಮ್ಯಾನೇಜರನ ಕಣ್ಣು ತೇವವಾಯಿತು. ಎಂಥ ವಿನಯ ಎಂದು ಅವನು ಪಕ್ಕದವನಿಗೆ ಹೇಳಿದ. ಪಕ್ಕದವನು ಚಪ್ಪಾಳೆ ತಟ್ಟಿದ, ಹಜಾರವೆಲ್ಲ ಅವನ ಜೊತೆಗೂಡಿತು. ರೋಗಿಗಳ ಸಂಕಟವನ್ನು ತಮ್ಮ ಸಂಕಟವೆಂದು ತಿಳಿಯುವ ಡಾಕ್ಟರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಕೆಂಪು ಬಂದ ಹೆಂಗಸೊಬ್ಬಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ದೊಡ್ಡ ಡಾಕ್ಟರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಈಗ ನನಗೆ ಚೌಕಟ್ಟು ಮಾತ್ರ ಕಾಣುತ್ತಿದೆ, ನಡುವೆ ಏನೂ ಇಲ್ಲ ಎಂದರು. ನಮಗೂ ಹಾಗೇ ಸಾರ್, ಹಿಂದಿನ ದೀಪದ ಪ್ರಭೆ ಹೆಚ್ಚಾಗಿದೆ, ನಾಳೆಯೇ ಕಡಿಮೆ ಮಾಡಿಸುತ್ತೇನೆ ಎಂದ ಮ್ಯಾನೇಜರ್.

ತಿಂಗಳುಗಟ್ಟಲೆ ಸುಳ್ಳನ್ನು ನಂಬಿದ ಜನ ಸತ್ಯಕ್ಕೆ ಅಷ್ಟೊಂದು ಅಗ್ಗದಲ್ಲಿ ಸಿಗುವುದಿಲ್ಲ. ಅಂಗೈಯಿಂದ ಕಣ್ಣು ಮುಚ್ಚಿಕೊಂಡೇ ನಿಂತಿದ್ದ ಅವರಿಗೆ ಅಕ್ಕನ ದನಿ ಕೇಳಿತು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು ಅಕ್ಕ."

ಹಜಾರದಲ್ಲಿ ಅಕ್ಕ ಒಬ್ಬರೇ ಚಪ್ಪಾಳೆ ತಟ್ಟಿರಲಿಲ್ಲ.

"ದೇವರಂಥ ಪುಸ್ತಕನ ದೂರೋ ಹಾಗೆ ಮಾಡಿದ್ಯಲ್ಲೋ ನನ್ನ," ಎಂದರು. ಆಮೇಲೆ, "ಮೊದಲು ನೀನು ಹೋಗಿ ಕೂತ್ಕೋ. ನಡಿ."

ದೊಡ್ಡ ಡಾಕ್ಟರು ನೆಲಮಾಳಿಗೆಗೆ ತಾವೇ ಇಳಿದುಹೋಗಿ ಕಿರಿಯ ಡಾಕ್ಟರಮ್ಮನನ್ನು ಕರೆತಂದರು. ಅವಳು ಯಂತ್ರದಿಂದ ಆ ಒಂದು ಕಣ್ಣನ್ನು ಅಳಿಸಿ, ಸಾವಿರಾರು ಕಣ್ಣುಗಳನ್ನು ವಾಪಸು ಕೂರಿಸಿದಳು. ಪರದೆಯ ಮೇಲೆ ಅಕ್ಕನ ಪಟ್ಟಿ ಕೆಂಪಾಯಿತು, ಲೇಸರ್ ಕೋಣೆಯ ಬಾಗಿಲು ಕಟಕ್ಕೆಂದು ಬಿಟ್ಟುಕೊಂಡಿತು. ಡ್ರೈವರನ ಪಟ್ಟಿ ಕೆಂಪಾಯಿತು. ಅವನ ಜೇಬಿನ ಚೀಟಿಯನ್ನು ದೊಡ್ಡ ಡಾಕ್ಟರ ಹೆಂಡತಿ ಇಸಿದುಕೊಂಡಳು. ಹಸಿರಾಗಿ ಮನೆಗೆ ಹೋದ ಉಳಿದವರಿಗೆಲ್ಲ ಇವತ್ತೇ ಫೋನು ಮಾಡಬೇಕೆಂದು ಕಿರಿಯ ಡಾಕ್ಟರಮ್ಮ ಹೇಳಿದಾಗ ಯಾರೂ ಅವಳ ವಾಕ್ಯವನ್ನು ಮುಗಿಸಲು ಹೋಗಲಿಲ್ಲ. ಮ್ಯಾನೇಜರನ ಪಟ್ಟಿ ಹಸಿರಾಯಿತು. ಇಷ್ಟು ದಿನ ನಂಬಿ ನುಂಗಿದ ವಿಟಮಿನ್ನಿಗೆ ಇದೇನಾ ಫಲ ಎಂದು ಅವನು ಬೆಪ್ಪಾಗಿ ನಿಂತ. ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಜಾರದ ಚಿತ್ರ ಇಳಿಸುವುದೋ ಬೇಡವೋ ಎಂದು ಕೆಲಸದವರು ಕೇಳಿದಾಗ ಬೇಡ ಎಂದ, ಕೆಳಗಿನ ಬರಹ ಬದಲಿಸಿದರೆ ಸಾಕು: 'ಕಾಯಿಲೆಯ ಕಣ್ಣು ಹೀಗಿರುತ್ತದೆ'. ಇಷ್ಟು ಒಳ್ಳೆಯ ಕಾಯಿಲೆ ಎದುರಿನವರ ಹತ್ತಿರ ಇರಲು ಸಾಧ್ಯವೇ ಇಲ್ಲ.

ಒಳಗೆ ದೊಡ್ಡ ಡಾಕ್ಟರು ಕಟ್ಟೆಯ ಮೇಲೆ ಗಲ್ಲವಿಟ್ಟಿದ್ದರು. ಈ ಸಲ ಎರಡೂ ಕಣ್ಣು ಎಂದಿದ್ದಳು ಕಿರಿಯ ಡಾಕ್ಟರಮ್ಮ. ಬಲಗಣ್ಣು ಹಸಿರು ಗುರುತನ್ನು ಹುಡುಕುತ್ತಿತ್ತು. ನೋಡಹೋದರೆ ಅದು ಕಲೆಯ ಹಿಂದೆ ಅವಿತುಕೊಳ್ಳುತ್ತಿತ್ತು. ಹುಡುಕುವ ಕಣ್ಣು ಅತ್ತಿತ್ತ ಅಲೆಯುತ್ತಿತ್ತು. ಪರದೆಯ ಮೇಲೆ ಚಿತ್ರ ಹರಿದ ಬಟ್ಟೆಯಾಗಿ ಬೀಳುತ್ತಿತ್ತು. ಚಪ್ಪಾಳೆಯ ದಿನ ಅದು ಹೇಗೆ ನಿಂತಿತ್ತೋ ಅವರಿಗೇ ತಿಳಿಯದು. ಅಂದು ಬಹುಶಃ ಹೆದರಿಕೆ ಅದನ್ನು ಕಟ್ಟಿಹಾಕಿತ್ತು.

"ಕದಲಬೇಡಿ ಸಾರ್," ಎಂದಳು ಕಿರಿಯ ಡಾಕ್ಟರಮ್ಮ. ಮತ್ತೆ ಅದನ್ನೇ ಹೇಳಿದಳು. ಮತ್ತೆ ಚಿತ್ರ ಹರಿಯಿತು.

ಪಕ್ಕದ ಸ್ಟೂಲಿನ ಮೇಲೆ ಲೇಸರಿನ ಸರದಿಗೆ ಕಾಯುತ್ತಿದ್ದ ಅಕ್ಕ, ಕೈಚಾಚಿ ತಡವಿ ತಮ್ಮನ ಅಂಗಿಯ ಅಂಚನ್ನು ಹಿಡಿದುಕೊಂಡರು. ಗಂಟಲು ಸರಿಮಾಡಿಕೊಂಡರು. ಹೂಡಿದ ರಥದ ಪದ್ಯವನ್ನೇ, ಆಸ್ಪತ್ರೆಯೆಂದು ದನಿ ತಗ್ಗಿಸದೆ, ಎಂದಿನ ರಾಗದಲ್ಲಿ ಎತ್ತಿಕೊಂಡರು. ಮೊದಲ ಸಾಲಿಗೆ ದೊಡ್ಡ ಡಾಕ್ಟರ ಹೆಗಲು ಇಳಿಯಿತು. ಎರಡನೆಯ ಸಾಲಿಗೆ ಕಣ್ಣು ಹುಡುಕುವುದನ್ನು ಬಿಟ್ಟಿತು. ಕಾಣದ ಗುರುತಿನ ಕಡೆಗೆ, ಬೋರಲು ಬಕೆಟಿನ ಮೇಲೆ ಕೂತ ಹುಡುಗನ ಹಾಗೆ, ಸುಮ್ಮನೆ ನಿಂತುಕೊಂಡಿತು.

ಬೆಳಕು ಒಮ್ಮೆ ಸವರಿತು, ಇನ್ನೊಮ್ಮೆ ಸವರಿತು. ಎಡಗಣ್ಣಿನದ್ದೂ ಆಯಿತು. ಚಿತ್ರಗಳು ಪರದೆಗೆ ಬಂದವು, ಎರಡರ ಪಟ್ಟಿಯೂ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಆಯ್ತು ಸಾರ್, ಏಳಬಹುದು," ಎಂದಳು ಕಿರಿಯ ಡಾಕ್ಟರಮ್ಮ.

ಅಕ್ಕ ಇನ್ನೊಂದು ಪದ್ಯ ಎತ್ತಿಕೊಂಡಿದ್ದರು. ದೊಡ್ಡ ಡಾಕ್ಟರು ಏಳಲಿಲ್ಲ.